ಉತ್ತರ ಬಾರದಿದ್ದರೂ ಬಂದೂಕು ಸಿಗುತ್ತದೆ

ಟೆಕ್ಸಸ್‌ನಿಂದ ರಾಜ್ಯದ ರಾಜಧಾನಿ ಆಸ್ಟಿನ್‌ಗೂ ದೇಶದ ರಾಜಧಾನಿ ವಾಷಿಂಗ್ಟನ್‌ಗೂ ಆರಿಸಿ ಹೋದ ರಿಪಬ್ಲಿಕನ್, ಡೆಮಾಕ್ರಟಿಕ್ ಎರಡೂ ಪಕ್ಷಗಳ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ಕಳೆದ ವಾರ ಮಲಗುವ ಹೊತ್ತಿನಲ್ಲಿ ನನ್ನ ಮಗ ಅಡುಗೆಮನೆಗೆ ಬಂದು ಕಷಾಯ ಕೇಳಿದ. ಮೂರನೇ ತರಗತಿಯ ಹುಡುಗ. ಕಷಾಯವೆಂದರೆ ಮೂಗು ಹಿಡಿದುಕೊಂಡು ಓಡುವವನು. ಶುಂಠಿ ಜಜ್ಜುತ್ತಾ ಏಕೆಂದು ಕೇಳಿದೆ. "ನಾಳೆ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಇದೆ ಅಮ್ಮಾ. ಬಂದೂಕು ಹಿಡಿದವನು ಬಂದನೆಂದುಕೊಂಡು ದೀಪ ಆರಿಸಿ ಮೂಲೆಯಲ್ಲಿ ಸುಮ್ಮನೆ ಕೂರಬೇಕು. ನಾನು ಕೆಮ್ಮಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ" ಎಂದ. ಕಾಳುಮೆಣಸು, ಜೀರಿಗೆ, ಬೆಲ್ಲ ಹಾಕಿ ಕುದಿಸಿ ಕೊಟ್ಟೆ. ಒಂದು ತೊಟ್ಟೂ ಬಿಡದೆ ಕುಡಿದು, ಲೋಟ ತೊಳೆದಿಟ್ಟು ಹೋಗಿ ಮಲಗಿದ.

ಅದೇ ರಾತ್ರಿ ಕಾಲೇಜಿನಿಂದ ಮಗಳು ಫೋನ್ ಮಾಡಿದ್ದಳು. ಬರುವ ಆಗಸ್ಟ್‌ನಲ್ಲಿ ಅವಳಿಗೆ 21 ತುಂಬುತ್ತದೆ. 2010ರಲ್ಲಿ ನಮ್ಮ ಜೊತೆ ವಿಮಾನ ಇಳಿದಾಗ ಅವಳಿಗೆ ನಾಲ್ಕು ವರ್ಷ. ಅಂದಿನಿಂದ ಇಂದಿನವರೆಗೆ ಒಂದು ದಿನವೂ ವೀಸಾ ಅವಧಿ ಮೀರಿ ಇಲ್ಲಿ ಇದ್ದವಳಲ್ಲ. ಆದರೂ 21 ತುಂಬಿದ ದಿನ ನಿಮ್ಮ ವಲಸೆ ಕಾನೂನಿನ ಲೆಕ್ಕದಲ್ಲಿ ಅವಳು ನಮ್ಮ ಮಗು ಅಲ್ಲ. ತಂದೆಯ ಅರ್ಜಿಯ ನೆರಳಿನಿಂದ ಹೊರಬಿದ್ದು, ತನ್ನದೇ ವಿದ್ಯಾರ್ಥಿ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ತನಗೆ ನೆನಪೇ ಇಲ್ಲದ ಊರಿಗೆ ಹೊರಡಬೇಕು. ಇದಕ್ಕೆ ಇಲ್ಲಿನ ಭಾರತೀಯರ ಮನೆಗಳಲ್ಲಿ 'ಏಜ್ ಔಟ್' ಎನ್ನುತ್ತಾರೆ. ಆ ಎರಡು ಪದ ಕೇಳಿದರೆ ಸಾಕು, ಊಟದ ಮೇಜಿನ ಸುತ್ತ ಮಾತು ನಿಲ್ಲುತ್ತದೆ.

ಮಗ ಇಲ್ಲಿಯೇ ಹುಟ್ಟಿದ ನಾಗರಿಕ. ಅವನಿಗೆ ಬಂದೂಕಿನ ಭಯ. ಮಗಳಿಗೆ ವಲಸೆ ಕಚೇರಿಯ ಕಾಗದದ ಭಯ. ಎರಡೂ ಭಯಗಳ ಕೀಲಿಕೈ ನಿಮ್ಮ ಕೈಯಲ್ಲಿದೆ.

ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದು ಕಚೇರಿಯೊಂದಕ್ಕೆ ಕಳುಹಿಸಿದ್ದೆ. ಯಾರಿಗಾದರೂ ಹೊಂದುವಂಥ, ಮೊದಲೇ ಅಚ್ಚು ಹಾಕಿಟ್ಟಂಥ ಉತ್ತರ ಬಂತು. ಹಾಗಾಗಿ ಈ ಬಾರಿ ಕನ್ನಡದಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ನನಗೆ ಇಲ್ಲಿ ಮತವಿಲ್ಲ. ಆದರೆ ಈ ಪತ್ರ ಓದುವ ಕನ್ನಡಿಗರಲ್ಲಿ ಇಲ್ಲಿನ ಪೌರತ್ವ ಪಡೆದವರು, ಪ್ರತಿ ನವೆಂಬರ್‌ನಲ್ಲಿ ಸಾಲಿನಲ್ಲಿ ನಿಂತು ಮತ ಹಾಕುವವರು ಬಹಳಷ್ಟು ಮಂದಿ ಇದ್ದಾರೆ. ನಿಮ್ಮನ್ನು ಪ್ರಶ್ನೆ ಕೇಳುವ ಹಕ್ಕು ಅವರಿಗಿದೆ.

ನಾನು ಬಂದೂಕು ಕಂಡರೆ ಬೆಚ್ಚುವವಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನೂರು ಕೊಡಗು. ನಮ್ಮ ಮನೆಯಲ್ಲಿ ಕೋವಿ ಆಯುಧ ಮಾತ್ರವಲ್ಲ, ದೇವರ ಮುಂದೆ ಇಡುವ ವಸ್ತು. ಕೈಲ್‌ಪೊಳ್ದ್ ಹಬ್ಬದಂದು ಅದನ್ನು ಒರೆಸಿ, ತೋಕ್ ಪೂ, ಅಂದರೆ ಕೋವಿ ಹೂವು, ಮುಡಿಸಿ, ಕೈಮುಗಿದ ಮೇಲೆಯೇ ಊಟ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯಲ್ಲಿ ಬೆಳೆದವಳು ನಾನು. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಭಾರತ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಒಂದು ಜನಾಂಗಕ್ಕೆ ಮಾತ್ರ ಏಕೆ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು, 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಎಂದರೆ ಲೆಕ್ಕವೇ ಇಲ್ಲ ಎಂದಲ್ಲ. ಯಾರ ಮನೆಯಲ್ಲಿ ಯಾವ ಕೋವಿ ಇದೆ ಎಂಬುದು ಜಿಲ್ಲಾಡಳಿತಕ್ಕೆ ಗೊತ್ತಿರಬೇಕು, ಅದಕ್ಕೆ ವಿನಾಯಿತಿ ಪತ್ರ ಇರಬೇಕು. ಅದರಿಂದ ನನ್ನ ಅಜ್ಜನ ಮಾನವೇನೂ ಹೋಗಲಿಲ್ಲ. ಆದ್ದರಿಂದ ಕೋವಿ ಇಟ್ಟುಕೊಂಡವನೆಲ್ಲ ಕೊಲೆಗಾರ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗಡಿ ದಾಟಿ ಬಂದವನೆಲ್ಲ ಕೊಲೆಗಾರ ಎನ್ನುವ ಮಾತನ್ನೂ ಒಪ್ಪುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ: ನಿಮ್ಮಲ್ಲಿ ಬಹುತೇಕರು ಈ ಎರಡರಲ್ಲಿ ಒಂದನ್ನು ಒಪ್ಪುವುದಿಲ್ಲ, ಇನ್ನೊಂದನ್ನು ಹೇಳುತ್ತಲೇ ಇರುತ್ತೀರಿ.

ನಿಮ್ಮ ಕಾನೂನಿನಲ್ಲಿ ಮೌನಕ್ಕೆ ಇರುವ ಅರ್ಥವನ್ನೇ ನೋಡಿ. ಅಂಗಡಿಯಲ್ಲಿ ಬಂದೂಕು ಕೊಳ್ಳಲು ಹೋದವನ ಪೂರ್ವಾಪರವನ್ನು ಎಫ್‌ಬಿಐ ಪರಿಶೀಲಿಸುತ್ತದೆ. ಮೂರು ಕೆಲಸದ ದಿನಗಳಲ್ಲಿ ಅಲ್ಲಿಂದ ಉತ್ತರ ಬಾರದಿದ್ದರೆ ಅಂಗಡಿಯವನು ಬಂದೂಕು ಮಾರಬಹುದು. ಸರ್ಕಾರ ಸುಮ್ಮನಿದೆ ಎಂದರೆ ಒಪ್ಪಿದೆ ಎಂದೇ ಲೆಕ್ಕ. 2015ರ ಜೂನ್ 17ರಂದು ಚಾರ್ಲ್ಸ್‌ಟನ್‌ನ ಎಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದಲು ಕುಳಿತಿದ್ದ ಒಂಬತ್ತು ಮಂದಿಯನ್ನು ಕೊಂದವನಿಗೆ ಬಂದೂಕು ಸಿಕ್ಕಿದ್ದು ಹೀಗೆಯೇ. ಅವನ ಹಳೆಯ ಮಾದಕವಸ್ತು ಪ್ರಕರಣದ ಕಾಗದ ಹುಡುಕುವಷ್ಟರಲ್ಲಿ ಮೂರು ದಿನ ಮುಗಿದಿತ್ತು. ಈ ಅವಧಿಯನ್ನು ಹೆಚ್ಚಿಸುವ ಮಸೂದೆಗೆ 2021ರಲ್ಲಿ ಜನಪ್ರತಿನಿಧಿ ಸಭೆ ಒಪ್ಪಿಗೆ ಕೊಟ್ಟಿತು, ಸೆನೆಟ್ ಕೊಡಲಿಲ್ಲ. 21 ವರ್ಷದೊಳಗಿನವರ ಮಟ್ಟಿಗೆ ಮಾತ್ರ 2022ರಲ್ಲಿ ಅದನ್ನು ಹತ್ತು ದಿನದವರೆಗೆ ಹಿಗ್ಗಿಸಿದಿರಿ. ಉಳಿದವರಿಗೆ ಇಂದಿಗೂ ಮೂರೇ ದಿನ.

ನನ್ನ ಗಂಡನ ಗ್ರೀನ್ ಕಾರ್ಡ್ ಅರ್ಜಿಯ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಮ್ಮ ಜಾಗ ಗುರುತಿಸುವ ದಿನಾಂಕ, 2015ರ ಮಾರ್ಚ್ ತಿಂಗಳದ್ದು. ಸರ್ಕಾರ ಅಂದಿನಿಂದ ಮೌನವಾಗಿದೆ. ಇಲ್ಲಿ ಆ ಮೌನದ ಅರ್ಥ ಒಪ್ಪಿಗೆಯಲ್ಲ, ಕಾಯಿರಿ ಎಂದು. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್‌ಗಳು, ಅದರಲ್ಲಿ ಯಾವುದೇ ಒಂದು ದೇಶಕ್ಕೆ ಶೇ. 7ರ ಮಿತಿ. ಭಾರತವಾದರೂ ಅಷ್ಟೇ, ಐಸ್‌ಲ್ಯಾಂಡ್ ಆದರೂ ಅಷ್ಟೇ. ಯಾವ ದಿನಾಂಕದವರ ಸರದಿ ಬಂದಿದೆ ಎಂದು ತಿಳಿಸುವ ವೀಸಾ ಬುಲೆಟಿನ್ ಪ್ರತಿ ತಿಂಗಳು ಬಂದಾಗ ಗಂಡ ಒಂದು ದಿನಾಂಕ ನೋಡುತ್ತಾನೆ, ಫೋನ್ ಕೆಳಗಿಡುತ್ತಾನೆ. ನಾನು ಏನಾಯಿತೆಂದು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು.

ಇದೇ ಗಂಡ, ಇದೇ ಎಚ್-1ಬಿ ಉದ್ಯೋಗ ವೀಸಾದಲ್ಲಿ, ಕೆಲವೇ ಡಾಲರು ಕೊಟ್ಟು ಬೇಟೆಯ ಪರವಾನಗಿ ಮಾಡಿಸಿಕೊಂಡರೆ ಬಂದೂಕು ಕೊಳ್ಳಬಹುದು. ತಾತ್ಕಾಲಿಕ ವೀಸಾದವರು ಬಂದೂಕು ಕೊಳ್ಳಬಾರದು ಎನ್ನುವ ಕಾನೂನೇ ಈ ಬಾಗಿಲನ್ನು ತೆರೆದಿಟ್ಟಿದೆ. ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ, ಹುಡುಕಿ ಓದಿದ ಮೇಲೆ ನಂಬಿದೆ. ನಮ್ಮ ಮಗಳನ್ನು ನಮ್ಮ ಮಗಳೆಂದು ಉಳಿಸಿಕೊಳ್ಳಲು ಅಂಥ ಒಂದು ಕಿರುಬಾಗಿಲೂ ನಿಮ್ಮ ಕಾನೂನಿನಲ್ಲಿಲ್ಲ.

2019ರಲ್ಲಿ ವೀಸಾ ವಿಸ್ತರಣೆಗೆಂದು ಬೆರಳಚ್ಚು ಕೊಡಲು ಅವಳನ್ನು ಕರೆದುಕೊಂಡು ಹೋಗಿದ್ದೆ. ಹದಿನಾಲ್ಕು ವರ್ಷದ ಹುಡುಗಿ. ಹಿಂದಿನ ದಿನ ಅಕ್ಕಿರೊಟ್ಟಿ ಬೇಯಿಸಲು ಹೋಗಿ ಕಾವಲಿ ತಾಗಿ ತೋರುಬೆರಳು ಸುಟ್ಟುಕೊಂಡಿದ್ದಳು. ಅಲ್ಲಿದ್ದ ಹೆಂಗಸು ಒರಟಾಗಿ ನಡೆದುಕೊಳ್ಳಲಿಲ್ಲ. ಸಮಾಧಾನದಿಂದ ಪಟ್ಟಿ ಬಿಚ್ಚಿ, ಬೊಬ್ಬೆ ಎದ್ದಿದ್ದ ಬೆರಳನ್ನು ಗಾಜಿನ ಮೇಲೆ ಒತ್ತಿ, ಗೆರೆ ಸರಿಯಾಗಿ ಮೂಡಲಿಲ್ಲವೆಂದು ಮತ್ತೆ ಒತ್ತಿ, ಮೂರನೆಯ ಸಲಕ್ಕೆ ಸರಿಯಾಯಿತು ಎಂದಳು. ಮಗಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಅವಳ ಹತ್ತೂ ಬೆರಳುಗಳು ಇಂದು ನಿಮ್ಮ ಗಣಕದಲ್ಲಿವೆ, ಕ್ಷಣದಲ್ಲಿ ಹುಡುಕಿ ತೆಗೆಯಬಹುದು. ಮನೆ ಬದಲಿಸಿದರೆ ಹತ್ತು ದಿನದೊಳಗೆ ನಾವು ಸರ್ಕಾರಕ್ಕೆ ತಿಳಿಸಬೇಕು. ಹದಿನೆಂಟು ದಾಟಿದ ವಿದೇಶೀಯರು ನೋಂದಣಿಯ ದಾಖಲೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು.

ಬಂದೂಕುಗಳ ವಿಷಯಕ್ಕೆ ಬಂದರೆ, ದೇಶಕ್ಕೆಲ್ಲ ಒಂದು ನೋಂದಣಿ ಪಟ್ಟಿ ಮಾಡಲೇಕೂಡದು ಎಂದು 1986ರ ಕಾನೂನು ಹೇಳುತ್ತದೆ. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಮುಚ್ಚಿಹೋದ ಬಂದೂಕು ಅಂಗಡಿಗಳ ಕಾಗದಗಳನ್ನು ತುಂಬಿಟ್ಟ ಸರ್ಕಾರಿ ಕೇಂದ್ರವಿದೆ. ಕೊಲೆಯಾದ ಜಾಗದಲ್ಲಿ ಸಿಕ್ಕ ಬಂದೂಕು ಯಾರದೆಂದು ಪತ್ತೆ ಮಾಡಬೇಕಾದಾಗ ಅಲ್ಲಿನ ನೌಕರರು ಪುಟದ ಮೇಲೆ ಪುಟ ತಿರುವಿ ನೋಡುತ್ತಾರೆ, ಏಕೆಂದರೆ ಕೊಂಡವರ ಹೆಸರು ಕೊಟ್ಟು ಹುಡುಕುವ ಹಾಗಿಲ್ಲ. ಸರ್ಕಾರಕ್ಕೆ ಪಟ್ಟಿ ಸಿಕ್ಕರೆ ನಾಳೆ ಮನೆಗೆ ಬಂದು ಬಂದೂಕು ಕಿತ್ತುಕೊಳ್ಳುತ್ತಾರೆ ಎಂಬ ಭಯ ನಿಮ್ಮದು. ಆ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಪಟ್ಟಿಯಲ್ಲಿ ಹೆಸರಿರುವವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ಹೆಣಗಳ ಮುಂದೆ ನಿಂತು ನೀವು ಆಡುವ ಮಾತು. ಇದನ್ನು ಬರೆಯುವಾಗ ನನಗೆ ಸಿಟ್ಟು ತಡೆಯಲಾಗುತ್ತಿಲ್ಲ.

2023ರ ಏಪ್ರಿಲ್ 28ರ ರಾತ್ರಿ ನಮ್ಮ ರಾಜ್ಯದ ಕ್ಲೀವ್‌ಲ್ಯಾಂಡ್ ಊರಿನಲ್ಲಿ ಒಬ್ಬ ತನ್ನ ಅಂಗಳದಲ್ಲಿ ಗುಂಡು ಹಾರಿಸುತ್ತಿದ್ದ. ಮಗು ಮಲಗಬೇಕು, ಸ್ವಲ್ಪ ನಿಲ್ಲಿಸಿ ಎಂದು ಪಕ್ಕದ ಮನೆಯವರು ಕೇಳಿಕೊಂಡರು. ಅದಾದ ಮೇಲೆ ಆ ಮನೆಯೊಳಗೆ ಐವರು ಹತರಾದರು, ಒಬ್ಬ ಬಾಲಕನೂ ಸೇರಿ. ಎಲ್ಲರೂ ಹೊಂಡುರಾಸ್‌ನಿಂದ ಬಂದವರು. ಆರೋಪಿ ಮೆಕ್ಸಿಕೊದವನು, ನಾಲ್ಕು ಬಾರಿ ಗಡೀಪಾರಾದವನು. ಅವನನ್ನು ಹಿಡಿಯಲು ನೆರವಾದವರಿಗೆ ಬಹುಮಾನ ಘೋಷಿಸುವ ಪ್ರಕಟಣೆಯಲ್ಲಿ ಟೆಕ್ಸಸ್ಸಿನ ರಿಪಬ್ಲಿಕನ್ ಗವರ್ನರ್ ಗ್ರೆಗ್ ಅಬಾಟ್ ಸತ್ತವರನ್ನೇ ಅಕ್ರಮ ವಲಸಿಗರು ಎಂದು ಕರೆದರು. ಅವರಲ್ಲಿ ಕನಿಷ್ಠ ಒಬ್ಬರು ಕಾನೂನುಬದ್ಧವಾಗಿಯೇ ಇದ್ದಿರಬಹುದು ಎಂದು ಮರುದಿನ ಅವರ ಕಚೇರಿ ವಿಷಾದ ಸೂಚಿಸಬೇಕಾಯಿತು. ನಾಲ್ಕು ಸಲ ಹೊರಹಾಕಿದವನು ಒಳಗೆ ಹೇಗೆ ಬಂದ ಎಂದು ಎಲ್ಲರೂ ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಆದರೆ ಅಕ್ರಮವಾಗಿ ನೆಲೆಸಿದವನು ಬಂದೂಕು ಮುಟ್ಟುವುದೇ ಅಪರಾಧವಾಗಿರುವ ದೇಶದಲ್ಲಿ ಅವನ ಕೈಗೆ ಆ ರೈಫಲ್ ಹೇಗೆ ಬಂತು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಕೇಳಿದ್ದನ್ನು ನಾನು ಕೇಳಿಲ್ಲ.

ಎಂಟೇ ದಿನ ಕಳೆದಿತ್ತು. ಮೇ 6, ಶನಿವಾರ. ನಮ್ಮ ಮನೆಯಿಂದ ದೂರವೇನೂ ಅಲ್ಲದ ಆ್ಯಲೆನ್ ಊರಿನ ಮಾಲ್‌ನಲ್ಲಿ ಎಂಟು ಮಂದಿಯ ಕೊಲೆಯಾಯಿತು. ಅವರಲ್ಲಿ ಪುಟ್ಟ ಮಕ್ಕಳಿದ್ದರು, ಹೈದರಾಬಾದಿನ ಕಡೆಯಿಂದ ಬಂದು ಎಂಜಿನಿಯರ್ ಆಗಿದ್ದ ತರುಣಿಯೂ ಇದ್ದಳು. ಪ್ರತಿ ದೀಪಾವಳಿಗೆ ಮಕ್ಕಳ ಬಟ್ಟೆಗೆಂದು ನಾವು ಹೋಗುತ್ತಿದ್ದ ಅಂಗಡಿಸಾಲು ಅದು. ಕೊಂದವನು ಇಲ್ಲಿಯೇ ಹುಟ್ಟಿದ ನಾಗರಿಕ, ಬಂದೂಕುಗಳನ್ನು ಕಾನೂನುಬದ್ಧವಾಗಿಯೇ ಕೊಂಡಿದ್ದ. ಮಾನಸಿಕ ಸ್ಥಿತಿಯ ಕಾರಣಕ್ಕೆ 2008ರಲ್ಲಿ ಸೇನೆ ತರಬೇತಿಯ ಹಂತದಲ್ಲೇ ಅವನನ್ನು ಹೊರಗೆ ಕಳುಹಿಸಿತ್ತು. ಈ ಬಾರಿ ಅದೇ ಗವರ್ನರ್ ಹೇಳಿದ್ದು, ಮೂಲ ಕಾರಣ ಮಾನಸಿಕ ಆರೋಗ್ಯ ಎಂದು. ಈ ಬಾರಿ ಕಾನೂನು ಬಿಗಿ ಮಾಡಿ ಪ್ರಯೋಜನವಿಲ್ಲ, ಕೊಲ್ಲಬೇಕೆಂದು ಹೊರಟವನು ಕಾನೂನು ನೋಡುವುದಿಲ್ಲ, ಒಬ್ಬನ ಪಾಪಕ್ಕೆ ಲಕ್ಷಾಂತರ ಪ್ರಾಮಾಣಿಕರನ್ನು ದಂಡಿಸಬಾರದು ಎಂಬ ಮಾತುಗಳೇ ಎಲ್ಲೆಲ್ಲೂ ಕೇಳಿಸಿದವು.

ಒಬ್ಬನ ಪಾಪಕ್ಕೆ ಲಕ್ಷಾಂತರ ಪ್ರಾಮಾಣಿಕರನ್ನು ದಂಡಿಸಬಾರದು! ಎಂಥ ಒಳ್ಳೆಯ ಮಾತು. ಅದೇ ಮಾತನ್ನು ಎಂಟು ದಿನ ಮೊದಲು ಏಕೆ ಆಡಲಿಲ್ಲ?

2017ರಲ್ಲಿಯೂ ಇದೇ ಆಗಿತ್ತು. ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಸಂಗೀತ ಸಭೆಯ ಮೇಲೆ ಗುಂಡಿನ ಮಳೆ ಸುರಿದಾಗ, ಇದು ಕಾನೂನಿನ ಚರ್ಚೆಗೆ ಸಮಯವಲ್ಲ ಎಂದಿತು ಶ್ವೇತಭವನ. ಅದೇ ತಿಂಗಳ 31ರಂದು ನ್ಯೂಯಾರ್ಕಿನಲ್ಲಿ ಉಜ್ಬೇಕಿಸ್ತಾನದಿಂದ ಬಂದಿದ್ದವನೊಬ್ಬ ಟ್ರಕ್ ಹರಿಸಿ ಎಂಟು ಜನರನ್ನು ಕೊಂದಾಗ, ಮರುದಿನ ಬೆಳಗಾಗುವಷ್ಟರಲ್ಲಿ ಅಧ್ಯಕ್ಷ ಟ್ರಂಪ್ ಅವನು ಬಂದಿದ್ದ ವೀಸಾ ಲಾಟರಿಯನ್ನೇ ರದ್ದು ಮಾಡಬೇಕೆಂದರು.

2025ರ ಸೆಪ್ಟೆಂಬರ್ 10 ನಮ್ಮವರಿಗೇ ಬಂದೆರಗಿದ ದಿನ. ಡಲ್ಲಾಸ್‌ನ ಮೋಟೆಲ್ ಒಂದರಲ್ಲಿ ಕೆಲಸ ಮಾಡುತ್ತಿದ್ದ ಕರ್ನಾಟಕ ಮೂಲದ ಐವತ್ತು ವರ್ಷದ ವ್ಯಕ್ತಿಯನ್ನು ಹೆಂಡತಿ, ಮಗನ ಕಣ್ಣೆದುರೇ ಮಚ್ಚಿನಿಂದ ಕೊಂದರು. ಆರೋಪಿ ಕ್ಯೂಬಾದವನು, ಗಡೀಪಾರಿನ ಆದೇಶವಿದ್ದರೂ ಕ್ಯೂಬಾ ಅವನನ್ನು ಸೇರಿಸಿಕೊಳ್ಳಲು ಒಪ್ಪದ ಕಾರಣ ಅದೇ ಜನವರಿಯಲ್ಲಿ ಬಿಡುಗಡೆಯಾಗಿದ್ದ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಅಂಥವನನ್ನು ಏಕೆ ಬಿಟ್ಟಿರಿ ಎಂಬ ಪ್ರಶ್ನೆ ನನ್ನದೂ ಹೌದು. ಅಧ್ಯಕ್ಷರು ಆ ಸಾವಿನ ಬಗ್ಗೆ ಬರೆದರು, ಇನ್ನು ಮೃದು ಧೋರಣೆಯಿಲ್ಲ ಎಂದರು. ನನ್ನ ಕೊರಗು ಇಷ್ಟೇ: ಆ್ಯಲೆನ್‌ನಲ್ಲಿ ಸತ್ತ ಹುಡುಗಿಯೂ ನಮ್ಮ ಕಡೆಯ ಮಗಳೇ. ಅವಳನ್ನು ಕೊಂದವನ ಕೈಗೆ ಆಯುಧ ಕೊಟ್ಟ ವ್ಯವಸ್ಥೆಯ ಮೇಲೆ ಆ ಕೋಪದ ಕಾಲುಭಾಗವಾದರೂ ಏಕೆ ಬರಲಿಲ್ಲ?

2025ರ ಜನವರಿಯಲ್ಲಿ, ವಲಸಿಗನೊಬ್ಬನಿಂದ ಕೊಲೆಯಾದ ವಿದ್ಯಾರ್ಥಿನಿಯ ಹೆಸರಿನ ಲೇಕನ್ ರೈಲಿ ಕಾಯ್ದೆ ಬಂತು. ಅದರ ಪ್ರಕಾರ, ದಾಖಲೆಯಿಲ್ಲದ ವಲಸಿಗನೊಬ್ಬನ ಮೇಲೆ ಅಂಗಡಿ ಕಳ್ಳತನದ ಆರೋಪ ಬಂದರೂ ಸಾಕು, ತೀರ್ಪಿಗೆ ಕಾಯದೆ ಅವನನ್ನು ಬಂಧನದಲ್ಲಿಡಬೇಕು. ಅದೇ ವರ್ಷ ಟೆಕ್ಸಸ್ ಶಾಸನಸಭೆ, ಅಪಾಯಕಾರಿ ಎಂದು ಮನೆಯವರೇ ದೂರು ಕೊಟ್ಟರೂ ತೀರ್ಪಿಗೆ ಮೊದಲು ಒಬ್ಬನ ಬಂದೂಕು ತೆಗೆದಿಡುವ 'ರೆಡ್ ಫ್ಲ್ಯಾಗ್' ಆದೇಶಗಳನ್ನು ನಿಷೇಧಿಸಿತು. ಕಾರಣ? ವಿಚಾರಣೆಯಿಲ್ಲದೆ ಹಕ್ಕು ಕಸಿಯಬಾರದು. ಇದನ್ನು ನಮ್ಮ ಕಡೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತಾರೆ.

ಡೆಮಾಕ್ರಟಿಕ್ ಪಕ್ಷದವರು ಇಲ್ಲಿಯವರೆಗೆ ತಲೆಯಾಡಿಸುತ್ತಾ ಓದಿರಬಹುದು. ನಿಮ್ಮ ಲೆಕ್ಕವೂ ಬಾಕಿ ಇದೆ. ವಲಸಿಗನನ್ನು ವಿಚಾರಣೆಯಿಲ್ಲದೆ ಹೊರಹಾಕಬಾರದು ಎನ್ನುವವರು ನೀವು. ನಾನು ನಿಮ್ಮ ಜೊತೆಗಿದ್ದೇನೆ. ಆದರೆ 2016ರ ಜೂನ್‌ನಲ್ಲಿ, ಒರ್ಲ್ಯಾಂಡೊದಲ್ಲಿ 49 ಮಂದಿ ಸತ್ತ ಮೇಲೆ, ಸದನದ ನೆಲದ ಮೇಲೆ ಕುಳಿತು ನೀವು ಕೇಳಿದ್ದೇನು? ವಿಮಾನ ಹತ್ತದಂತೆ ತಡೆಯುವ ಸರ್ಕಾರದ ಗುಪ್ತ ಪಟ್ಟಿಯಲ್ಲಿ ಹೆಸರಿದ್ದವರಿಗೆ ಬಂದೂಕು ಸಿಗಬಾರದು ಎಂದು. ಹೆಸರು ಏಕೆ ಸೇರಿತು ಎಂದು ಹೇಳದ, ತೆಗೆಸಲು ನ್ಯಾಯವಾದ ದಾರಿಯಿಲ್ಲದ ಪಟ್ಟಿ ಅದು. ಮುಸ್ಲಿಮರೂ ವಲಸಿಗರೂ ಅದರಿಂದ ಪಟ್ಟ ಪಾಡು ನಿಮಗೆ ಗೊತ್ತಿತ್ತು. ನಾಗರಿಕ ಹಕ್ಕುಗಳಿಗಾಗಿ ದುಡಿಯುವ ಎಸಿಎಲ್‌ಯು ಸಂಸ್ಥೆಯೇ ಬೇಡ ಎಂದಿತು. ನಿಮಗೆ ಬೇಕಾದ ಗುರಿಗೆ ಉಪಯೋಗಕ್ಕೆ ಬರುತ್ತದೆ ಎಂದಾಗ ಗುಪ್ತ ಪಟ್ಟಿಯೂ ಒಳ್ಳೆಯದಾಯಿತು.

ಅಧ್ಯಕ್ಷ ಬೈಡನ್ 2022ರಲ್ಲಿ ಸಹಿ ಮಾಡಿದ ಕಾನೂನು, ಮಾದಕ ವ್ಯಸನಿ ಬಂದೂಕು ಇಟ್ಟುಕೊಂಡರೆ ಇದ್ದ ಗರಿಷ್ಠ ಶಿಕ್ಷೆಯನ್ನು 10ರಿಂದ 15 ವರ್ಷಕ್ಕೆ ಏರಿಸಿತು. 2024ರ ಜೂನ್‌ನಲ್ಲಿ ಅವರ ಮಗನೇ, ಬಂದೂಕು ಕೊಳ್ಳುವ ಫಾರಂನಲ್ಲಿ ವ್ಯಸನದ ಬಗ್ಗೆ ಸುಳ್ಳು ಬರೆದದ್ದಕ್ಕೆ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಕ್ಷಮಾದಾನ ಕೊಡುವುದಿಲ್ಲ ಎಂದಿದ್ದವರು ಡಿಸೆಂಬರ್ 1ರಂದು ಕೊಟ್ಟರು. ಹೆತ್ತವರ ಸಂಕಟ ನನಗೆ ಅರ್ಥವಾಗುತ್ತದೆ, ಮಗಳಿಗಾಗಿ ನಾನೂ ಏನು ಬೇಕಾದರೂ ಮಾಡುತ್ತಿದ್ದೆ. ಆದರೆ ನನ್ನ ಮಗಳು ವಲಸೆಯ ಫಾರಂ ಒಂದರಲ್ಲಿ ಸುಳ್ಳು ಬರೆದರೆ ಅವಳಿಗೆ ಈ ದೇಶದ ಬಾಗಿಲು ಬಾಳಿಡೀ ಮುಚ್ಚಿಹೋಗಬಹುದು. ಅವಳ ಪರವಾಗಿ ಕ್ಷಮೆಗೆ ಸಹಿ ಹಾಕುವ ಪೆನ್ನು ನನ್ನ ಬಳಿ ಇಲ್ಲ.

ಕಾನೂನುಬದ್ಧವಾಗಿ ಬೆಳೆದು ಏಜ್ ಔಟ್ ಆಗುವ ಮಕ್ಕಳಿಗೆ ನೆಲೆ ಕೊಡುವ 'ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್' 2021ರಲ್ಲಿ ಮಂಡನೆಯಾಯಿತು. ಎರಡೂ ಪಕ್ಷದವರ ಸಹಿ ಅದಕ್ಕಿದೆ, ಮಾತೆತ್ತಿದರೆ ಎಲ್ಲರ ಅನುಕಂಪವೂ ಇದೆ. ಆದರೂ ಕಾನೂನಾಗಲಿಲ್ಲ. 'ಡ್ರೀಮರ್' ಮಕ್ಕಳಿಗೆ 2012ರಲ್ಲಿ ಒಬಾಮ ಕೊಟ್ಟ ರಕ್ಷಣೆ ಸಿಗಲಿ, ಇನ್ನೂ ಹೆಚ್ಚೇ ಸಿಗಲಿ. ಆದರೆ ಅದು ದಾಖಲೆಯಿಲ್ಲದ ಮಕ್ಕಳಿಗೆ ಮಾತ್ರ. ವೀಸಾ ಇದ್ದ ನನ್ನ ಮಗಳಂಥವರಿಗೆ ಅದರಲ್ಲಿ ಜಾಗವಿಲ್ಲ.

ಯುವಾಲ್ಡಿಯ ಹೆಸರು ಎತ್ತದೆ ಈ ಪತ್ರ ಮುಗಿಸಲಾರೆ. ಮೆಕ್ಸಿಕೊ ಗಡಿಯಿಂದ ನೂರು ಕಿಲೋಮೀಟರಿನಷ್ಟೂ ದೂರವಿಲ್ಲದ, ನಮ್ಮ ರಾಜ್ಯದ ಆ ಊರಿನ ರಾಬ್ ಶಾಲೆಗೆ 2022ರ ಮೇ 24ರಂದು ನುಗ್ಗಿದವನಿಗೆ ಹದಿನೆಂಟು ವರ್ಷ ತುಂಬಿ ಕೆಲವು ದಿನಗಳಾಗಿದ್ದವು ಅಷ್ಟೇ. ಹುಟ್ಟುಹಬ್ಬ ಮುಗಿಸಿಕೊಂಡು ಕಾನೂನುಬದ್ಧವಾಗಿ ಎರಡು ರೈಫಲ್ ಕೊಂಡಿದ್ದ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಬಂದ ಪೊಲೀಸರು 376 ಮಂದಿ, ಅವರಲ್ಲಿ 149 ಮಂದಿ ಗಡಿ ಪಹರೆಯವರು. ಆದರೂ 77 ನಿಮಿಷ ಬಾಗಿಲ ಆಚೆ ನಿಂತರು. ನಿಮ್ಮದೇ ಶಾಸನಸಭೆಯ ತನಿಖಾ ಸಮಿತಿ ಇನ್ನೊಂದು ಸಂಗತಿ ಬರೆದಿದೆ, ಅದನ್ನು ಓದಿದಾಗ ನನಗೆ ಮೈ ನಡುಗಿತು. ವಲಸಿಗರ ವಾಹನಗಳನ್ನು ಪೊಲೀಸರು ಬೆನ್ನಟ್ಟಿದಾಗಲೆಲ್ಲ ಆ ಊರಿನ ಶಾಲೆಗಳಿಗೆ ಎಚ್ಚರಿಕೆ ಬರುತ್ತಿತ್ತು, ಬಾಗಿಲು ಹಾಕಿ ಕೂರುತ್ತಿದ್ದರು. ಪದೇ ಪದೇ ಬಂದು ಬಂದು ಆ ಎಚ್ಚರಿಕೆಯ ಕಾವು ಆರಿಹೋಗಿತ್ತು. ನಿಜವಾದ ಕೊಲೆಗಾರ ಬಂದ ದಿನವೂ ಇದೂ ಅಂಥದ್ದೇ ಇರಬೇಕು ಎಂದುಕೊಂಡವರಿದ್ದರು. ನೀವು ಮಕ್ಕಳಿಗೆ ವಲಸಿಗರ ಭಯ ಕಲಿಸಿದಿರಿ. ಬಂದವನು ಅದೇ ಊರಿನ ಹುಡುಗನಾಗಿದ್ದ.

ಆ ದುರಂತದ ಮರುವರ್ಷ, ಅಂಥ ರೈಫಲ್ ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆ ಆಸ್ಟಿನ್‌ನಲ್ಲಿ ಸಮಿತಿಯನ್ನು ದಾಟಿತು. ಮಕ್ಕಳನ್ನು ಕಳೆದುಕೊಂಡವರು ಅಲ್ಲಿಯೇ ಇದ್ದರು. ಮಸೂದೆ ಸದನದ ಮತಕ್ಕೆ ಬರಲೇ ಇಲ್ಲ. ರೈಫಲ್ ಹಿಡಿಯಲು 21 ಬಹಳ ತಡವಾಯಿತು. ತಾಯಿತಂದೆಯ ಜೊತೆ ಇರಲು ನನ್ನ ಮಗಳಿಗೆ 21 ಮುಗಿದ ಗಡುವು.

ನಿಮ್ಮಲ್ಲಿ ಎಲ್ಲರೂ ಒಂದೇ ಎನ್ನುವುದಿಲ್ಲ. ಸೆನೆಟರ್ ಜಾನ್ ಕಾರ್ನಿನ್ ಯುವಾಲ್ಡಿಯ ನಂತರ ಬಂದೂಕು ಕಾನೂನಿಗೆ ಮಾತುಕತೆ ನಡೆಸಿದರು, ಅದಕ್ಕಾಗಿ ಹ್ಯೂಸ್ಟನ್‌ನಲ್ಲಿ ಅವರದೇ ಪಕ್ಷದ ಸಮಾವೇಶದಲ್ಲಿ ಜನ ಅವರ ಮೇಲೆ ಕೂಗಾಡಿದರು. ಆ ಕಾನೂನು ಚಿಕ್ಕದೇ ಇರಬಹುದು, ಆದರೂ ಅಂದು ಅವರು ವೇದಿಕೆ ಬಿಟ್ಟು ಓಡಲಿಲ್ಲ. ಆದ್ದರಿಂದ ಮನಸ್ಸು ಮಾಡಿದರೆ ಆಗುತ್ತದೆ ಎಂದು ನನಗೆ ಗೊತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಬಂದೂಕಿನ ತಪಾಸಣೆಗೆ ಉತ್ತರ ಬರುವವರೆಗೆ ಮಾರಾಟ ನಿಲ್ಲಲಿ. ಇಲ್ಲಿ ಬೆಳೆದ ಮಕ್ಕಳ ಮಸೂದೆಯನ್ನು ಮತಕ್ಕೆ ಹಾಕಿ; ಬೇಡವೆಂದರೆ ಬೇಡವೆಂದೇ ಕೈ ಎತ್ತಿ, ನಮಗೆ ಕಾಣಲಿ. ಮುಂದಿನ ಕೊಲೆ ನಡೆದಾಗ, ಕೊಂದವನ ಪಾಸ್‌ಪೋರ್ಟ್ ಯಾವುದೆಂದು ತಿಳಿಯುವ ಮೊದಲೇ ನಿಮ್ಮ ಹೇಳಿಕೆ ಬರೆದು ಸಹಿ ಮಾಡಿ.

ಪೌರತ್ವ ಪಡೆದ ಕನ್ನಡಿಗರೇ, ಅಭ್ಯರ್ಥಿಗಳು ನಮ್ಮ ಯುಗಾದಿಗೂ ರಾಜ್ಯೋತ್ಸವಕ್ಕೂ ಬಂದು ದೀಪ ಹಚ್ಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಶಾಲು ಹೊದಿಸುವ ಮೊದಲು ಕೇಳಿ: ಒಬ್ಬನ ಅಪರಾಧಕ್ಕೆ ಅವನಂಥವರೆಲ್ಲರೂ ಹೊಣೆಯೇ, ಅಲ್ಲವೇ? ಬಂದೂಕಿನವರಿಗೆ ಕೊಟ್ಟ ಉತ್ತರವನ್ನೇ ವಲಸಿಗರಿಗೂ ಕೊಡುವಿರಾ? ಉತ್ತರ ಬರೆದುಕೊಡುವಂತೆ ಹೇಳಿ.

ಮಗನ ಶಾಲೆಯಿಂದ ನಿನ್ನೆ ಮತ್ತೆ ಸಂದೇಶ ಬಂದಿದೆ, ಮುಂದಿನ ಡ್ರಿಲ್ ಈ ತಿಂಗಳ ಕೊನೆಯಲ್ಲಿ. ಮಗಳು ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಕಾಗದಗಳನ್ನು ಒಂದು ಫೈಲಿನಲ್ಲಿ ಜೋಡಿಸುತ್ತಿದ್ದಾಳೆ.

ಇತಿ,
ಡಲ್ಲಾಸ್ ಸಮೀಪ ನೆಲೆಸಿರುವ ಕೊಡಗಿನ ಒಬ್ಬ ತಾಯಿ